ಎಸಿಯಿಂದ ನೀರು ಸೋರುತ್ತಿದೆಯೇ? ಗ್ಯಾಸ್ ತುಂಬಿಸುವ ಮುನ್ನ ಕಾಯಿಲ್ ತೊಳೆಯಿರಿ

ಎಸಿ ಸರಿಯಾಗಿ ತಂಪು ಕೊಡುತ್ತಿಲ್ಲ ಅಂದ ಕೂಡಲೇ ಹೆಚ್ಚಿನವರ ಬಾಯಿಗೆ ಬರುವ ಮಾತು ‘ಗ್ಯಾಸ್ ಖಾಲಿಯಾಗಿರಬೇಕು’. ಬಂದ ಮೆಕ್ಯಾನಿಕ್ ಕೂಡ ಹೌದೆಂದೇ ತಲೆಯಾಡಿಸುತ್ತಾನೆ; ಇಲ್ಲ ಎಂದರೆ ಅವನಿಗೇನು ಲಾಭ? ಆದರೆ ಎಸಿಯ ಗ್ಯಾಸ್ ಪೆಟ್ರೋಲ್‌ನಂತೆ ಉರಿದು ಮುಗಿಯುವುದಲ್ಲ. ಮುಚ್ಚಿದ ಕೊಳವೆಯೊಳಗೆ ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ತಂಪು ಕುಗ್ಗುವುದಕ್ಕೂ ಗೋಡೆಯ ಮೇಲೆ ನೀರು ಇಳಿಯುವುದಕ್ಕೂ ಬಹಳಷ್ಟು ಸಲ ಕಾರಣ ಬರೀ ಕೊಳೆ. ಅದನ್ನು ಮನೆಯಲ್ಲೇ ತೆಗೆಯಬಹುದು. ತೆಗೆಯಲು ಹೋಗಿ ಕಾಯಿಲ್ಲನ್ನೇ ಕೆಡಿಸಿಕೊಂಡವರನ್ನೂ ಸಾಕಷ್ಟು ನೋಡಿದ್ದೇನೆ, ಅದಕ್ಕೇ ಇಷ್ಟು ವಿವರ. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿಗೆ ಮಾತ್ರ ಇದು ಅನ್ವಯ.

ಹಂತ 1: ಕರೆಂಟ್ ತೆಗೆಯಿರಿ
ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು, ಒಳಗಿನ ಬೋರ್ಡಿಗೆ ಕರೆಂಟ್ ಬರುತ್ತಲೇ ಇರುತ್ತದೆ. ಎಂಸಿಬಿಯನ್ನೇ ಆಫ್ ಮಾಡಿ.

ಹಂತ 2: ಫಿಲ್ಟರ್
ಮುಂದಿನ ಮುಚ್ಚಳ ಎತ್ತಿ ಫಿಲ್ಟರ್ ಹೊರಗೆಳೆದು ನಲ್ಲಿ ನೀರಿನಲ್ಲಿ ತೊಳೆಯಿರಿ, ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಚೌಕಟ್ಟು ಸೊಟ್ಟಗಾಗುತ್ತದೆ.

ಹಂತ 3: ಕಾಯಿಲ್ — ಎಲ್ಲರೂ ಎಡವುವುದು ಇಲ್ಲೇ
ಫಿಲ್ಟರ್ ತೆಗೆದಾಗ ಹಿಂದೆ ಕಾಣುವ ಬೆಳ್ಳಿ ಬಣ್ಣದ, ಗೆರೆ ಗೆರೆಯಾದ ಭಾಗವೇ ಕೂಲಿಂಗ್ ಕಾಯಿಲ್. ಆ ಗೆರೆಗಳೆಲ್ಲ ಸುಮಾರು 0.1 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆಗಳು, ‘ಫಿನ್’ಗಳು. ಉಗುರು ತಾಗಿದರೂ ಬಾಗುತ್ತವೆ. ಬಾಗಿದ ಕಡೆ ಗಾಳಿ ನುಗ್ಗುವುದಿಲ್ಲ. ಅಂಚು ಹರಿತ, ಕೈಗವಸು ಹಾಕಿಕೊಳ್ಳಿ.

ಜನ ಮಾಡುವ ದೊಡ್ಡ ತಪ್ಪು, ಕೈಗೆ ಸಿಕ್ಕ ಕೂಡಲೇ ನೀರು ಹೊಡೆಯುವುದು. ಫಿನ್‌ಗಳ ಮುಂದೆ ಕೂತಿದ್ದ ಒಣ ಧೂಳು ನೀರು ಬಿದ್ದ ಕ್ಷಣವೇ ಕೆಸರಾಗಿ ಸಂದಿಯೊಳಕ್ಕೆ ಇಳಿಯುತ್ತದೆ. ಎದುರಿನಿಂದ ನೋಡಿದರೆ ಫಳಫಳ, ಒಳಗೆ ಮೆತ್ತಿದ ಮಣ್ಣು. ಹೀಗೆ ‘ಸರ್ವಿಸ್’ ಮಾಡಿಸಿದ ಮೇಲೆ ಗಾಳಿ ಇನ್ನೂ ಕಡಿಮೆಯಾಯಿತೆಂದು ದೂರುವವರಿದ್ದಾರೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದ್ದರಿಂದ ಮೊದಲು ಒಣ ಕೆಲಸ. ಬಣ್ಣ ಬಳಿಯುವ ಎರಡು ಇಂಚಿನ ಮೆತ್ತನೆಯ ಬ್ರಷ್ ತೆಗೆದುಕೊಂಡು ಮೇಲಿನಿಂದ ಕೆಳಕ್ಕೆ, ಗೆರೆಗಳು ಹೋಗುವ ದಿಕ್ಕಿನಲ್ಲೇ ಎಳೆಯಿರಿ. ಅಡ್ಡಡ್ಡ ಉಜ್ಜಲೇಬೇಡಿ. ತಂತಿ ಬ್ರಷ್ ಅಂತೂ ಹತ್ತಿರ ತರಬೇಡಿ. ಬ್ರಷ್‌ನ ಕೆಳಗೆ ವ್ಯಾಕ್ಯೂಮ್ ಕ್ಲೀನರ್ ಬಾಯಿ ಹಿಡಿದರೆ ಇನ್ನೂ ಒಳ್ಳೆಯದು. ಬೂದು ಬಣ್ಣದ ಪದರ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ. ಇನ್ನು ಬರುವುದಿಲ್ಲ ಎನ್ನುವವರೆಗೆ ನೀರಿನ ತಂಟೆಗೆ ಹೋಗಬೇಡಿ.

ಆಮೇಲೆ ಹೆಚ್ಚಿನ ಯೂನಿಟ್‌ಗಳಲ್ಲಿ ಬಲಬದಿಗೆ ಇರುವ ಎಲೆಕ್ಟ್ರಾನಿಕ್ ಬೋರ್ಡಿನ ಭಾಗವನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಟೇಪ್ ಹಚ್ಚಿ. ಯೂನಿಟ್‌ನ ಕೆಳಗೂ ಒಂದು ದೊಡ್ಡ ಪ್ಲಾಸ್ಟಿಕ್ ಕಟ್ಟಿ, ಅದರ ತುದಿಯನ್ನು ಬಕೆಟ್‌ಗೆ ಇಳಿಬಿಡಿ. ಗಿಡಗಳಿಗೆ ನೀರು ಸಿಂಪಡಿಸುವ ಕೈಪಂಪಿನ ಸ್ಪ್ರೇ ಸಾಕು. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರಾವಣದ ನಾಲ್ಕಾರು ಹನಿ ಬೆರೆಸಿ ಸಿಂಪಡಿಸಿ, ಹತ್ತು ನಿಮಿಷ ನೆನೆಯಲು ಬಿಡಿ. ನಂತರ ಬರೀ ನೀರು, ಒಂದು ಗೇಣು ದೂರದಿಂದ, ಮೇಲಿನಿಂದ ಕೆಳಕ್ಕೆ. ಹೊರಗಿನ ಡ್ರೈನ್ ಪೈಪ್‌ನಲ್ಲಿ ಬರುವ ನೀರು ಮೊದಲು ಕಪ್ಪಗಿರುತ್ತದೆ, ಆಮೇಲೆ ಕಂದು. ತಿಳಿಯಾಗುವವರೆಗೂ ಕೈ ಬಿಡಬೇಡಿ. ಸೋಪು ಉಳಿದರೆ ಅದೇ ಮುಂದಿನ ಧೂಳಿಗೆ ಅಂಟು.

ಇದೇ ಕಾರಣಕ್ಕೆ ‘ಸಿಂಪಡಿಸಿ, ತೊಳೆಯುವ ಅಗತ್ಯವಿಲ್ಲ’ ಎಂದು ಬರೆದ ನೊರೆ ಡಬ್ಬಿಗಳನ್ನು ನಾನು ಮುಟ್ಟುವುದಿಲ್ಲ. ಎಸಿ ಓಡುವಾಗ ಕಾಯಿಲ್ ಮೇಲೆ ಕೂಡುವ ನೀರೇ ನೊರೆಯನ್ನು ತೊಳೆಯುತ್ತದೆ ಎಂಬುದು ಅವರ ಲೆಕ್ಕ. ಗಾಳಿ ಒಣಗಿದ್ದರೆ ಆ ನೀರು ಕೂಡುವುದೇ ಕಡಿಮೆ. ಆಮ್ಲ, ಕಾಸ್ಟಿಕ್, ಬ್ಲೀಚ್ ಅಲ್ಯೂಮಿನಿಯಮ್ಮನ್ನೇ ತಿನ್ನುತ್ತವೆ. ಇನ್ನು ಎಸಿಗೆಂದೇ ಮಾರುವ ಸುಗಂಧದ ಸ್ಪ್ರೇ: ವಾಸನೆ ಬರುತ್ತಿರುವುದು ಬೂಷ್ಟಿನಿಂದ, ಅದರ ಮೇಲೆ ಗುಲಾಬಿ ಪರಿಮಳ ಹಾಕಿ ಏನು ಪ್ರಯೋಜನ?

ಹಂತ 4: ಬ್ಲೋವರ್
ಗಾಳಿ ಹೊರಬರುವ ಬಾಯಿಯೊಳಗೆ ಟಾರ್ಚ್ ಬಿಡಿ. ಉದ್ದನೆಯ ಉರುಳೆಯ ರೆಕ್ಕೆಗಳ ಮೇಲೆ ಕಪ್ಪು ಪದರ ಕಂಡರೆ, ಬೆರಳಲ್ಲಿ ನಿಧಾನಕ್ಕೆ ತಿರುಗಿಸುತ್ತಾ ಹಳೆಯ ಟೂತ್‌ಬ್ರಷ್‌ನಿಂದ ಒಂದೊಂದೇ ರೆಕ್ಕೆ ಉಜ್ಜಿ. ರೆಕ್ಕೆಗೆ ಸಣ್ಣ ಲೋಹದ ಕ್ಲಿಪ್ ಸಿಕ್ಕಿಸಿದ್ದರೆ ಕೀಳಬೇಡಿ. ಅದು ತೂಕ ಸರಿದೂಗಿಸಲು ಇಟ್ಟಿದ್ದು. ಕಿತ್ತರೆ ಬ್ಲೋವರ್ ನಡುಗುತ್ತದೆ.

ಹಂತ 5: ಡ್ರೈನ್
ಮನೆಯೊಳಗೆ ನೀರು ತೊಟ್ಟಿಕ್ಕುವ ಮುಖ್ಯ ಕಾರಣ ಇದು. ಕಾಯಿಲ್‌ನ ಕೆಳಗಿನ ಟ್ರೇಗೆ ಒಂದು ಲೋಟ ನೀರನ್ನು ನಿಧಾನವಾಗಿ ಸುರಿದು, ಹೊರಗೆ ಒಬ್ಬರನ್ನು ನಿಲ್ಲಿಸಿ. ಸುರಿದಷ್ಟೂ ಸರಾಗ ಬಂದರೆ ಸರಿ. ತಡವಾಗಿ, ಬಿಟ್ಟು ಬಿಟ್ಟು ಬಂದರೆ ಪೈಪ್‌ನಲ್ಲಿ ಲೋಳೆ ಕಟ್ಟಿದೆ. ನೀರನ್ನೂ ಎಳೆಯುವ ವ್ಯಾಕ್ಯೂಮ್ ಕ್ಲೀನರನ್ನು ಹೊರಗಿನ ತುದಿಗೆ ಬಟ್ಟೆ ಸುತ್ತಿ ಬಿಗಿಯಾಗಿ ಹಿಡಿದು ಎಳೆಯಿರಿ. ಹೊರಗಿನಿಂದ ಊದಬೇಡಿ, ಲೋಳೆಯೆಲ್ಲ ವಾಪಸ್ ಟ್ರೇಗೆ ಹಾರಿ ಗೋಡೆ ಕೊಳೆಯಾಗುತ್ತದೆ. ಪೈಪ್ ಉದ್ದಕ್ಕೂ ಇಳಿಜಾರಾಗಿಯೇ ಇರಬೇಕು. ನಡುವೆ ಎಲ್ಲೂ ಮೇಲೇರಬಾರದು. ತುದಿಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಟ್ಟರೂ ಗಾಳಿ ಸಿಕ್ಕಿಹಾಕಿಕೊಂಡು ನೀರು ಹಿಂದಕ್ಕೇ ನಿಲ್ಲುತ್ತದೆ.

ಹಂತ 6: ಹೊರಗಿನ ಯೂನಿಟ್
ನೆಲದ ಮೇಲೋ ತಾರಸಿಯಲ್ಲೋ ಇದ್ದರೆ ಸಾಧಾರಣ ಪೈಪ್ ನೀರಿನಿಂದ ತೊಳೆಯಿರಿ. ಪ್ರೆಷರ್ ವಾಷರ್ ಫಿನ್‌ಗಳನ್ನು ಮಲಗಿಸಿಬಿಡುತ್ತದೆ. ಸ್ಕ್ರೂ ಬಿಚ್ಚಬೇಡಿ, ಒಳಗಿನ ಕೆಪಾಸಿಟರ್ ಕರೆಂಟ್ ತೆಗೆದ ಮೇಲೂ ಶಾಕ್ ಹೊಡೆಯಬಲ್ಲದು. ಹೊರಗೋಡೆಗೆ ನೇತುಹಾಕಿದ್ದರೆ ಕಿಟಕಿಯಿಂದ ಬಾಗುವ ಸಾಹಸವೂ ಬೇಡ.

ಹಂತ 7: ಪರೀಕ್ಷೆ
ಎಲ್ಲ ಪೂರ್ತಿ ಒಣಗಿದ ಮೇಲೆ ಫಿಲ್ಟರ್ ಹಾಕಿ, ಉಷ್ಣತೆಯನ್ನು ಕನಿಷ್ಠಕ್ಕಿಳಿಸಿ 15 ನಿಮಿಷ ಓಡಿಸಿ. ಒಳಗೆ ಹೋಗುವ ಗಾಳಿಗೂ ಹೊರಬರುವ ಗಾಳಿಗೂ ಥರ್ಮಾಮೀಟರ್ ಹಿಡಿಯಿರಿ. ವ್ಯತ್ಯಾಸ ಹೆಚ್ಚುಕಡಿಮೆ 8ರಿಂದ 12 ಡಿಗ್ರಿ ಸೆಲ್ಸಿಯಸ್ ಇದ್ದರೆ ನಿಮ್ಮ ಎಸಿಗೆ ಗ್ಯಾಸ್ ಬೇಕಾಗಿಲ್ಲ.

ವ್ಯತ್ಯಾಸ ತೀರಾ ಕಡಿಮೆಯಿದ್ದರೆ, ಅಥವಾ ಇಷ್ಟೆಲ್ಲ ತೊಳೆದ ಮೇಲೂ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತಿದ್ದರೆ, ಆಗ ಮೆಕ್ಯಾನಿಕ್‌ಗೆ ಹೇಳಿ. (ಮಂಜುಗಡ್ಡೆಯನ್ನು ಕುಟ್ಟಿ ತೆಗೆಯಬೇಡಿ, ಫ್ಯಾನ್ ಮೋಡ್‌ನಲ್ಲಿ ಬಿಟ್ಟರೆ ಕರಗುತ್ತದೆ.) ಮೊದಲು ಸೋರಿಕೆ ಹುಡುಕಲಿ. ಪೈಪ್ ಜೋಡಿಸಿದ ನಟ್‌ಗಳ ಸುತ್ತ ಎಣ್ಣೆ ಪಸೆ ಕಂಡರೆ ಅಲ್ಲೇ ಅನುಮಾನಪಡಿ, ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಆಮೇಲೆ ಗ್ಯಾಸನ್ನು ತೂಗಿಯೇ ತುಂಬಲಿ. ಎಷ್ಟು ಗ್ರಾಂ ಎಂದು ಹೊರಗಿನ ಯೂನಿಟ್‌ನ ಫಲಕದಲ್ಲಿ ಬರೆದಿರುತ್ತದೆ. ಇನ್ವರ್ಟರ್ ಎಸಿಯಲ್ಲಿ ಕಂಪ್ರೆಸರ್ ವೇಗದ ಜೊತೆ ಒತ್ತಡವೂ ಏರಿಳಿಯುವುದರಿಂದ ಬರೀ ಗೇಜ್ ನೋಡಿ ಹಾಕಿದ ಅಂದಾಜಿಗೆ ಬೆಲೆಯಿಲ್ಲ. ಈಗಿನ ಹಲವು ಎಸಿಗಳಲ್ಲಿರುವ ಆರ್-32 ಗ್ಯಾಸಿಗೆ ಬೆಂಕಿ ಹತ್ತಬಲ್ಲದು, ಆ ಕೆಲಸ ಸ್ವಂತಕ್ಕೆ ಬೇಡವೇ ಬೇಡ.

ಎಸಿ ಹಳೆಯ ಆರ್-22ರದ್ದಾಗಿದ್ದು, ಕಾಯಿಲ್ಲೇ ತುಕ್ಕು ತಿಂದು ತೂತಾಗಿದ್ದರೆ ರಿಪೇರಿಗೆ ದುಡ್ಡು ಸುರಿಯಬೇಡಿ, ಬದಲಾಯಿಸಿ. ಹೊಸದಕ್ಕೆ ತಾಮ್ರದ ಪೈಪನ್ನೂ ಹೊಸದಾಗಿ ಹಾಕಿಸಿ: ಹಳೆಯದರಲ್ಲಿ ಉಳಿದ ಎಣ್ಣೆ ಬೇರೆ ಜಾತಿಯದು, ಹೊಸ ಗ್ಯಾಸಿನ ಒತ್ತಡವೂ ಹೆಚ್ಚು. ‘ಇರಲಿ’ ಎಂದು ಒಂದು ಟನ್ ಸಾಕಾಗುವ ಕೋಣೆಗೆ ಎರಡು ಟನ್ ತರಬೇಡಿ. ಅದು ಬೇಗ ತಂಪು ಮಾಡಿ ಬೇಗ ನಿಲ್ಲುತ್ತದೆ, ಗಾಳಿಯ ತೇವ ಹಾಗೇ ಉಳಿದು ಮೈ ಅಂಟಂಟು. ಜೋಡಿಸಲು ಬಂದವರು ಪೈಪ್‌ನೊಳಗಿನ ಗಾಳಿಯನ್ನು ವ್ಯಾಕ್ಯೂಮ್ ಪಂಪ್‌ನಿಂದ ತೆಗೆಯಬೇಕು. ‘ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಹೊರಹಾಕಿದರೆ ಸಾಕು ಸಾರ್’ ಎಂದರೆ ವಾಲ್ವ್ ತೆರೆಯಲು ಬಿಡಬೇಡಿ, ಪಂಪ್ ತಂದ ಮೇಲೆ ಬನ್ನಿ ಎಂದು ವಾಪಸ್ ಕಳಿಸಿ.