ಬಾಗಿಲ ಸಂದಿನಿಂದ ಶುರುವಾಗಲಿ ಸ್ಟುಡಿಯೊ ಕೆಲಸ

ಪಾಡ್‌ಕಾಸ್ಟ್ ಮಾಡೋಣ, ಕಥೆ ಓದಿ ಆಡಿಯೊ ಪುಸ್ತಕ ತರೋಣ, ಭಾವಗೀತೆ ಹಾಡಿ ಯೂಟ್ಯೂಬ್‌ಗೆ ಹಾಕೋಣ ಎಂದು ಹೊರಟವರು ಮೊದಲು ತರಿಸುವುದು ಕಪ್ಪು ಫೋಮ್ ಚೌಕಗಳನ್ನು. ಗೋಡೆ ತುಂಬ ಅಂಟಿಸಿ ಮೈಕ್ ಮುಂದೆ ಕೂತರೆ ಪಕ್ಕದ ಮನೆಯ ಕುಕ್ಕರ್ ಮೊದಲಿನಷ್ಟೇ ಜೋರಾಗಿ ಸೀಟಿ ಹೊಡೆಯುತ್ತದೆ. ಫೋಮ್ ಮಾಡುವ ಕೆಲಸವೇ ಬೇರೆ, ನಾವು ಅದರಿಂದ ಬಯಸಿದ್ದೇ ಬೇರೆ.

ಹೊರಗಿನ ಸದ್ದು ಒಳಗೆ ಬಾರದಂತೆ, ಒಳಗಿನದು ಹೊರಗೆ ಹೋಗದಂತೆ ತಡೆಯುವುದು ಒಂದು ಕೆಲಸ. ಅದಕ್ಕೆ ಭಾರ ಬೇಕು, ಸಂದಿಲ್ಲದ ಮುಚ್ಚಿಗೆ ಬೇಕು. ಒಳಗೆ ಆಡಿದ ಮಾತು ಗೋಡೆಗೆ ಬಡಿದು ಮರಳಿ ಮೈಕ್ ಸೇರದಂತೆ ಹೀರಿಕೊಳ್ಳುವುದು ಇನ್ನೊಂದು ಕೆಲಸ. ಅದಕ್ಕೆ ಗಾಳಿಯಾಡುವ, ದಪ್ಪನೆಯ, ನಾರುನಾರಾದ ವಸ್ತು ಬೇಕು. ಫೋಮ್ ಎರಡನೆಯದಕ್ಕೆ ಅಷ್ಟಿಷ್ಟು ಒದಗುತ್ತದೆ, ಮೊದಲನೆಯದಕ್ಕೆ ಏನೂ ಇಲ್ಲ. ಮೊಟ್ಟೆ ಟ್ರೇ ಅಂತೂ ಎರಡಕ್ಕೂ ದಂಡ. ಮೇಲಾಗಿ ಬೇಗ ಬೆಂಕಿ ಹಿಡಿಯುವ ಸಾಮಾನು. ಅಗ್ಗದ ಫೋಮ್‌ಗೂ ಆ ಅಪಾಯವಿದೆ.

ಅಮೆರಿಕದವರ ವಿಡಿಯೊ ನೋಡಿ ಗೋಡೆಗೆ ಕೈಹಚ್ಚುವವರೂ ಇದ್ದಾರೆ. ಅಲ್ಲಿನ ಮನೆಗಳಲ್ಲಿ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಬಡಿದಿರುತ್ತಾರೆ, ಹಾಗಾಗಿ ಅವರ ಮೊದಲ ಚಿಂತೆ ಗೋಡೆ. ನಮ್ಮದು ಇಟ್ಟಿಗೆ ಇಲ್ಲವೇ ಕಾಂಕ್ರೀಟ್ ಬ್ಲಾಕ್, ಎರಡೂ ಕಡೆ ಗಾರೆ. ಒಂಬತ್ತಿಂಚಿನ ಗೋಡೆ ಆಗಲೇ ಒಳ್ಳೆಯ ತಡೆ. ಸದ್ದು ನುಗ್ಗುವುದು ಬಾಗಿಲು, ಕಿಟಕಿ, ವೆಂಟಿಲೇಟರ್‌ಗಳಿಂದ. ಹತ್ತಡಿ ಹನ್ನೆರಡಡಿಯ ಮಲಗುವ ಕೋಣೆ, ರೆಕಾರ್ಡ್ ಮಾಡಬೇಕಾದ್ದು ಮಾತು ಮತ್ತು ಹಾಡು ಎಂದಿಟ್ಟುಕೊಂಡು ಮುಂದಿನದನ್ನು ಹೇಳುತ್ತೇನೆ.

ಮೊದಲು ಸುಮ್ಮನೆ ಕೂತು ಕೇಳಿ

ಇಡೀ ದಿನ ಆಗಾಗ ಆ ಕೋಣೆಯಲ್ಲಿ ಕೂತು ಯಾವ ಸದ್ದು ಎಲ್ಲಿಂದ ಬರುತ್ತಿದೆ ಎಂದು ಬರೆದಿಡಿ. ಹಾರ್ನ್, ನಾಯಿ, ತರಕಾರಿ ಗಾಡಿಯ ರೆಕಾರ್ಡೆಡ್ ಕೂಗು ಗಾಳಿಯಲ್ಲಿ ಬರುವಂಥವು. ಸಂದು ಮುಚ್ಚಿದರೆ ತಗ್ಗುತ್ತವೆ. ಮೇಲಿನ ಮನೆಯವರು ಕುರ್ಚಿ ಎಳೆಯುವುದು, ಸಂಪಿನ ಮೋಟಾರಿನ ಗುಯ್‌ಗುಡುವಿಕೆ ಇವೆಲ್ಲ ಕಟ್ಟಡದ ಮೈಯೊಳಗೇ ಹರಿದು ಬರುತ್ತವೆ. ಇವಕ್ಕೆ ನಿಮ್ಮ ಕೋಣೆಯಲ್ಲಿ ಮದ್ದಿಲ್ಲ. ಮೇಲಿನವರ ಕುರ್ಚಿ ಕಾಲಿಗೆ ನೀವೇ ರಬ್ಬರ್ ಬೂಟು ತಂದುಕೊಟ್ಟರೆ ಎಲ್ಲಕ್ಕಿಂತ ಅಗ್ಗದಲ್ಲಿ ಕೆಲಸ ಮುಗಿಯುತ್ತದೆ. ಅಡುಗೆಮನೆ, ಲಿಫ್ಟು, ಬಚ್ಚಲಿಗೆ ಗೋಡೆ ಹಂಚಿಕೊಂಡಿರುವ ಕೋಣೆ ಬೇಡ. ಉದ್ದ, ಅಗಲ, ಎತ್ತರ ಮೂರೂ ಒಂದೇ ಅಳತೆ ಇರುವ ಕೋಣೆಯೂ ಬೇಡ; ಅಲ್ಲಿ ಕೆಲವು ಮಂದ್ರ ಸ್ವರಗಳು ಮಾತ್ರ ವಿಪರೀತ ಉಬ್ಬುತ್ತವೆ.

ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮೀರಕೂಡದು ಎಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿದೆ. ನಮ್ಮ ರಸ್ತೆಗಳಿಗೆ ಈ ಸುದ್ದಿ ಇನ್ನೂ ಮುಟ್ಟಿದಂತಿಲ್ಲ. ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಪ್ರಸಾರ ಶುರು ಮಾಡಿದಾಗ ಈ ಪಾಟಿ ವಾಹನಗಳಿರಲಿಲ್ಲ, ಬಿಡಿ. ನಾವು ಬೆಳಗಿನ ಜಾವವನ್ನೋ ನಡುರಾತ್ರಿಯನ್ನೋ ಹಿಡಿಯಬೇಕು.

ಬಾಗಿಲು

ರಾತ್ರಿ ಕೋಣೆಯ ದೀಪ ಹಾಕಿ, ಬಾಗಿಲು ಮುಚ್ಚಿ, ಹೊರಗೆ ಕತ್ತಲು ಮಾಡಿ ನೋಡಿ. ಬೆಳಕು ಸೋರುವಲ್ಲೆಲ್ಲ ಸದ್ದೂ ಸೋರುತ್ತದೆ. ಮೂರಡಿ ಅಗಲ, ಏಳಡಿ ಎತ್ತರದ ಬಾಗಿಲಿನ ಕೆಳಗೆ ಅರ್ಧ ಇಂಚು ಸಂದಿದ್ದರೆ ಅದು ಬಾಗಿಲ ವಿಸ್ತೀರ್ಣದಲ್ಲಿ ನೂರಕ್ಕೆ ಒಂದು ಪಾಲೂ ಅಲ್ಲ. ಆದರೂ ಲೆಕ್ಕ ಹಾಕಿದರೆ, ಆ ಸಂದು ಇರುವ ತನಕ ಬಾಗಿಲು ತೇಗದ್ದಾಗಲಿ ಕಬ್ಬಿಣದ್ದಾಗಲಿ, ತಡೆಯುವುದು 22 ಡೆಸಿಬೆಲ್ ಆಸುಪಾಸು ಮಾತ್ರ. ಹಾಗಾಗಿ ದುಡ್ಡು ಮೊದಲು ಹೋಗಬೇಕಾದ್ದು ಇಲ್ಲಿಗೆ.

ಬಾಗಿಲು ಬಂದು ತಾಗುವ ಚೌಕಟ್ಟಿನ ಅಂಚಿಗೆ ಮೂರೂ ಕಡೆ ರಬ್ಬರ್ ಗ್ಯಾಸ್ಕೆಟ್ ಅಂಟಿಸಿ. ಚಿಲಕ ಹಾಕಿದಾಗ ಅದು ಸ್ವಲ್ಪ ಅಮುಕಿಕೊಳ್ಳಬೇಕು, ಆದರೆ ಬಾಗಿಲನ್ನು ಭುಜಕೊಟ್ಟು ನೂಕುವಷ್ಟು ದಪ್ಪ ಬೇಡ. ಉಳಿದದ್ದು ಕೆಳಗಿನ ಅಂಚು. ಹಳೆಯ ಮನೆಗಳಲ್ಲಿ ಒಳಕೋಣೆಗಳಿಗೂ ಹೊಸ್ತಿಲು ಇರುತ್ತಿತ್ತು; ನಾಲ್ಕೂ ಕಡೆ ಬಾಗಿಲಿಗೆ ಒರಗಲು ಜಾಗ ಸಿಗುತ್ತಿತ್ತು. ಈಗ ಟೈಲ್ಸ್ ನೆಲ ಸಪಾಟಾಗಿ ಆಚೆಗೆ ಹರಿದಿರುತ್ತದೆ. ಬಡಗಿಯಿಂದ ಒಂದಿಂಚು ಎತ್ತರದ ಮರದ ಪಟ್ಟಿ ಹಾಕಿಸಿ, ಅದರ ಮುಖಕ್ಕೂ ಗ್ಯಾಸ್ಕೆಟ್ ಕೊಡಿ. ವಾಸ್ತು ನೋಡುವ ಹಿರಿಯರಿಂದಲೂ ತಕರಾರು ಬರಲಾರದು.

ಬಾಗಿಲನ್ನು ಬೆರಳಲ್ಲಿ ತಟ್ಟಿ. ಡೊಳ್ಳು ಸದ್ದು ಬಂದರೆ ಅದು ಪೊಳ್ಳು ಫ್ಲಶ್ ಡೋರ್. ಅದರ ಒಳಮೈಗೆ 18 ಮಿ.ಮೀ. ಪ್ಲೈವುಡ್ ಹಾಳೆ ತಿರುಪು ಹಾಕಿ ಕೂರಿಸಿ, ಭಾರ ತಡೆಯಲು ಇನ್ನೊಂದು ಕೀಲು ಸೇರಿಸಿ. ಅಡ್ಡವಿರುವುದರ ಭಾರ ಇಮ್ಮಡಿಯಾದರೆ ಹೆಚ್ಚೆಂದರೆ 6 ಡೆಸಿಬೆಲ್ ಲಾಭ. ಕಿವಿಗೆ ಸದ್ದು ಅರ್ಧಕ್ಕಿಳಿದಂತೆ ಅನಿಸಲು ಸುಮಾರು 10 ಡೆಸಿಬೆಲ್ ಇಳಿಯಬೇಕು. ಬರೀ ಭಾರ ಪೇರಿಸುತ್ತ ಹೋದರೆ ಖರ್ಚು ಏರಿದಷ್ಟು ಫಲ ಸಿಗದು ಎಂಬುದಕ್ಕೆ ಇದೇ ಲೆಕ್ಕ.

ಕಿಟಕಿ

ಜಾರುವ ಕಿಟಕಿಯ ಹಳಿಯಲ್ಲಿ ಸಂದು ಇದ್ದೇ ಇರುತ್ತದೆ. ಕಿಟಕಿ ಬದಲಿಸುವ ಬದಲು ಒಳಗಿನಿಂದ ಒಂದು ಮುಚ್ಚಳ ಮಾಡಿಸಿ; ಬಾಡಿಗೆ ಮನೆಯವರಿಗೂ ಇದೇ ಸಲೀಸು. ಗೋಡೆಯ ದಪ್ಪದಲ್ಲಿ ಕಿಟಕಿಗೂ ಒಳಮೈಗೂ ನಡುವೆ ಗೂಡಿನಂಥ ಜಾಗ ಸಿಗುತ್ತದಲ್ಲ, ಅದರ ಅಳತೆಗೆ 18 ಮಿ.ಮೀ. ಪ್ಲೈವುಡ್ ಕೊಯ್ಯಿಸಿ, ಅಂಚಿನ ಸುತ್ತ ಗ್ಯಾಸ್ಕೆಟ್, ಎತ್ತಲು ಎರಡು ಹಿಡಿಕೆ. ಗಾಜಿಗೂ ಮುಚ್ಚಳಕ್ಕೂ ನಡುವೆ ನಾಲ್ಕಿಂಚು ಬಿಟ್ಟರೆ ಆ ಗಾಳಿಯ ಅಂತರವೇ ಅರ್ಧ ಕೆಲಸ ಮಾಡುತ್ತದೆ. ರೆಕಾರ್ಡಿಂಗ್ ಮುಗಿದ ಮೇಲೆ ತೆಗೆದು ಮಂಚದಡಿ ತಳ್ಳಿ. ವೆಂಟಿಲೇಟರ್‌ಗೂ ಇಂಥದೇ ಮುಚ್ಚಳ. ಎಸಿ ಪೈಪಿನ ತೂತು, ಸ್ವಿಚ್ ಬೋರ್ಡಿನ ಸುತ್ತಲಿನ ಬಿರುಕುಗಳಿಗೆ ಸಿಲಿಕೋನ್ ಸೀಲೆಂಟ್ ಸಾಕು.

ಹೆಂಚಿನ ಮನೆಯವರಿಗೆ ಇದ್ಯಾವುದೂ ಪೂರ್ತಿ ಫಲ ಕೊಡದು. ಮಾಡೇ ಸಂದುಗಳ ರಾಶಿ. ಮಲೆನಾಡಿನಲ್ಲಿ ಜೂನ್‌ನಿಂದ ಆಚೆಗೆ ಮೈಕ್ ಹಚ್ಚುವುದೂ ಕಷ್ಟ.

ಇಷ್ಟು ಮುಚ್ಚಿದ ಕೋಣೆಗೆ ಹೊಸ ಗಾಳಿ ಬರುವುದಿಲ್ಲ. ಸಾಮಾನ್ಯ ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಿರುಗಿಸಿ ತಣ್ಣಗೆ ಮಾಡುತ್ತದೆ. ಅರ್ಧ ಗಂಟೆಗೊಮ್ಮೆ ಬಾಗಿಲು ತೆರೆದಿಡಿ, ಆಗ ಫ್ಯಾನೂ ಹಾಕಿ. ಒಳಗೆ ಊದುಬತ್ತಿ ಹಚ್ಚಬೇಡಿ.

ಒಳಗಿನ ಮಾರ್ದನಿ

ಈಗ ಒಂದು ಚಪ್ಪಾಳೆ ತಟ್ಟಿ. ಅದರ ಬೆನ್ನಿಗೆ ‘ಝಿಂಗ್’ ಎಂದು ಚೂರು ಬಾಲ ಕೇಳಿದರೆ ಎದುರುಬದುರು ಗೋಡೆಗಳು ಸದ್ದನ್ನು ಎಸೆದಾಡುತ್ತಿವೆ. ಕೋಣೆಯ ಗಾಳಿಯಲ್ಲಿ 1000 ಹರ್ಟ್ಸ್ (ಅಂದರೆ ಸೆಕೆಂಡಿಗೆ ಸಾವಿರ ಕಂಪನ) ಸದ್ದಿನ ಒಂದು ಅಲೆ 34 ಸೆಂ.ಮೀ. ಉದ್ದ, 100 ಹರ್ಟ್ಸಿನದು ಹೆಚ್ಚುಕಡಿಮೆ 3.4 ಮೀಟರ್. ಒಂದಿಂಚಿನ ಫೋಮ್ ಮೇಲುಸ್ವರಗಳನ್ನು ಮಾತ್ರ ನುಂಗಿ, ಇಷ್ಟುದ್ದದ ಮಂದ್ರದ ಅಲೆಗಳನ್ನು ಹಾಗೇ ಬಿಡುತ್ತದೆ. ಗಂಡು ದನಿಯ ಬುಡವಿರುವುದೇ ಆ 100 ಹರ್ಟ್ಸಿನ ಆಸುಪಾಸಿನಲ್ಲಿ. ಕೋಣೆ ತುಂಬ ಫೋಮ್ ಅಂಟಿಸಿದವರ ಮಾತು ಗಡಿಗೆಯೊಳಗಿಂದ ಬಂದಂತಿರುವುದು ಇದರಿಂದಲೇ.

ಹಾಗಾಗಿ ದಪ್ಪ ಬೇಕು. ಇನ್ಸುಲೇಷನ್ ಸಾಮಾನು ಮಾರುವವರಲ್ಲಿ ರಾಕ್‌ವೂಲ್ (ಕಲ್ಲು ಕರಗಿಸಿ ಎಳೆದ ನಾರಿನ) ಹಲಗೆ ಕೇಳಿ: 50 ಮಿ.ಮೀ. ದಪ್ಪ, ಸಾಂದ್ರತೆ ಘನ ಮೀಟರಿಗೆ 48 ಅಥವಾ 64 ಕೆ.ಜಿ. ಇದು ಬೆಂಕಿ ಹಿಡಿಯುವುದಿಲ್ಲ. ಹಲಗೆ ಮನೆಗೆ ಬಂದ ಮೇಲೆಯೇ ಅದನ್ನು ಅಳೆದು ಮರ ಕೊಯ್ಯಿಸಿ. ಮೊದಲೇ ಚೌಕಟ್ಟು ಮಾಡಿಸಿದರೆ ಅರ್ಧ ಇಂಚು ಹೆಚ್ಚುಕಮ್ಮಿಯಾಗಿ ಪೇಚಾಡಬೇಕಾಗುತ್ತದೆ. ನಾಲ್ಕಿಂಚು ಆಳದ ಚೌಕಟ್ಟಿನಲ್ಲಿ ಹಲಗೆಯನ್ನು ಮುಂದಕ್ಕೆ ಕೂರಿಸಿ, ಹಿಂದೆ ಎರಡಿಂಚು ಖಾಲಿ ಬಿಡಿ. ಆ ಖಾಲಿ ಜಾಗದಿಂದ ಮಂದ್ರದ ಕಡೆಗೂ ಹೀರುವಿಕೆ ಚಾಚುತ್ತದೆ, ಅದೂ ಪುಕ್ಕಟೆಯಾಗಿ. ಹಲಗೆ ಮುಟ್ಟುವಾಗ ತುಂಬುತೋಳಿನ ಅಂಗಿ, ಕೈಗವಸು, ಮಾಸ್ಕ್ ಇರಲಿ. ನಾರು ಚರ್ಮಕ್ಕೆ ಚುಚ್ಚಿದರೆ ದಿನವಿಡೀ ತುರಿಕೆ. ಹಲಗೆಯ ಸುತ್ತ ಮೊದಲು ಕೈಚೀಲ ಹೊಲಿಯುವಂಥ ತೆಳ್ಳನೆಯ ನಾನ್‌ವೋವನ್ ಬಟ್ಟೆ ಸುತ್ತಿ, ಮೇಲೆ ಚಂದದ ಬಟ್ಟೆ ಬಿಗಿದು ಹಿಂಬದಿಗೆ ಸ್ಟೇಪಲ್ ಹೊಡೆಯಿರಿ. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ ನೋಡಿ. ಉಸಿರು ಸರಾಗ ಆಚೆ ಹೋದರೆ ಆಯಿತು. ಖಾದಿ ಇದಕ್ಕೆ ಬಲು ಚೆನ್ನ, ರೆಕ್ಸಿನ್ ಕೂಡದು.

ಇಂಥ ಆರು ಪ್ಯಾನೆಲ್ ಮಾಡಿದರೆ ಮೊದಲೆರಡು ಎಲ್ಲಿಗೆ? ಮೈಕ್ ಹಿಂದಿನ ಗೋಡೆಗೆ ಎಂದೇ ಬಹಳ ಮಂದಿ ಹಚ್ಚುತ್ತಾರೆ. ಆದರೆ ಒಂದೇ ದಿಕ್ಕಿಗೆ ಕಿವಿಗೊಡುವ ಕಾರ್ಡಿಯಾಯ್ಡ್ ಮೈಕ್ ಮುಂದಿನದನ್ನು ಹೆಚ್ಚು ಕೇಳುತ್ತದೆ, ಅಂದರೆ ನಿಮ್ಮನ್ನು, ನಿಮ್ಮ ಬೆನ್ನ ಹಿಂದಿನ ಗೋಡೆಯನ್ನು. ಮೊದಲೆರಡು ಅಲ್ಲಿಗೇ ಹೋಗಲಿ. ಆಮೇಲೆ ಎರಡು ಪಕ್ಕಗಳಿಗೆ, ಉಳಿದದ್ದು ಮೂಲೆಗೆ. ಇವತ್ತೇ ರೆಕಾರ್ಡ್ ಮಾಡಬೇಕೆಂದಿದ್ದರೆ ಹತ್ತಿಯ ಹಾಸಿಗೆಯನ್ನು ಬೆನ್ನ ಹಿಂದೆ ನಿಲ್ಲಿಸಿ, ಪಕ್ಕಗಳಲ್ಲಿ ಕೌದಿ ಇಲ್ಲವೇ ಕಂಬಳಿಯನ್ನು ಗೋಡೆಯಿಂದ ಒಂದು ಗೇಣು ದೂರಕ್ಕೆ ಇಳಿಬಿಡಿ. ಅಜ್ಜಿ ಹೊಲಿದ ನಾಲ್ಕು ಪದರದ ಕೌದಿಗೆ ಅಂಗಡಿಯ ತೆಳು ಫೋಮ್ ಸಾಟಿಯಲ್ಲ ಎಂದೇ ನನ್ನ ಮತ. ಸೀರೆ ತುಂಬಿದ ಬೀರುವಿನ ಬಾಗಿಲು ತೆರೆದು ಅದಕ್ಕೆ ಬೆನ್ನು ಹಾಕಿ ಕೂತರೂ ನಡೆಯುತ್ತದೆ.

ಮೈಕ್ ಇಟ್ಟು ಪರೀಕ್ಷೆ

ಮೈಕ್‌ನ ಬೆನ್ನು ಕಿಟಕಿಯ ಕಡೆಗಿರಲಿ. ಆ ದಿಕ್ಕಿಗೆ ಅದು ಹೆಚ್ಚುಕಡಿಮೆ ಕಿವುಡು. ಬಾಯಿಗೂ ಮೈಕ್‌ಗೂ ಇರುವ ದೂರ ಅರ್ಧ ಮಾಡಿದರೆ ನಿಮ್ಮ ದನಿ 6 ಡೆಸಿಬೆಲ್ ಏರುತ್ತದೆ, ಕೋಣೆಯ ಗದ್ದಲ ಇದ್ದಲ್ಲೇ ಇರುತ್ತದೆ. ಒಂದು ಗೇಣಿನೊಳಗೆ, ನಡುವೆ ಉಸಿರಿನ ಹೊಡೆತ ತಡೆಯುವ ಪಾಪ್ ಫಿಲ್ಟರ್ ಇಟ್ಟು ಮಾತಾಡಿ. ಪೂರ್ತಿ ಹದಕ್ಕೆ ಬಾರದ ಕೋಣೆಯಲ್ಲಿ ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್‌ಗಿಂತ ಹತ್ತಿರದಿಂದ ಬಳಸುವ ಡೈನಮಿಕ್ ಮೈಕ್ ವಾಸಿ.

ದನಿಯ ಮಟ್ಟ ಸರಿಮಾಡಿಕೊಂಡ ಮೇಲೆ, ಉಚಿತವಾಗಿ ಸಿಗುವ ಆಡಾಸಿಟಿ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಒಂದು ನಿಮಿಷ ಏನೂ ಮಾತಾಡದೆ ರೆಕಾರ್ಡ್ ಮಾಡಿ ಮೀಟರ್ ನೋಡಿ. ಆಡಿಯೊ ಪುಸ್ತಕಗಳ ಎಸಿಎಕ್ಸ್ ವೇದಿಕೆ ಕೇಳುವುದು ಹಿನ್ನೆಲೆ ಗದ್ದಲ ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿರಬೇಕು ಎಂದು; ಈ ಮೀಟರಿನಲ್ಲಿ ಸೊನ್ನೆಯೇ ಗರಿಷ್ಠ ಮಟ್ಟ. ಮುಟ್ಟದಿದ್ದರೆ ಒಂದೊಂದಾಗಿ ಆರಿಸುತ್ತ ಹೋಗಿ: ಲ್ಯಾಪ್‌ಟಾಪ್ ಫ್ಯಾನು, ಎಸಿ, ಟ್ಯೂಬ್‌ಲೈಟಿನ ಚೋಕು, ಆಚೆ ಕೋಣೆಯ ಫ್ರಿಜ್ಜು. ಎಲ್ಲ ಆರಿಸಿದರೂ ‘ಹೂಂ’ ಎಂಬ ಮಂದ್ರ ಶ್ರುತಿ ಉಳಿದರೆ ಅದು ನಮ್ಮ 50 ಹರ್ಟ್ಸ್ ವಿದ್ಯುತ್ತಿನದು. ಆ ಸಾಕೆಟ್ಟಿಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ನೋಡಿಸಿ.

ಇದಿಷ್ಟು ಮಾತಿಗೆ, ಹಾಡಿಗೆ, ವೀಣೆ–ಪಿಟೀಲಿಗೆ ಆಗುತ್ತದೆ. ಡ್ರಮ್ಸ್ ಬಾರಿಸುವವರ ಕಥೆ ಬೇರೆ. ಅವರಿಗೆ ಗೋಡೆ, ನೆಲ, ಸೂರು ಯಾವುದೂ ಹಳೆಯದಕ್ಕೆ ಗಟ್ಟಿಯಾಗಿ ಬೆಸೆಯದ, ಕೋಣೆಯೊಳಗಿನ ಕೋಣೆಯೇ ಬೇಕು. ಮಹಡಿ ಮನೆಯಾದರೆ ಸ್ಲ್ಯಾಬು ಅಷ್ಟು ಭಾರ ಹೊರುತ್ತದೆಯೇ ಎಂದು ಸಿವಿಲ್ ಎಂಜಿನಿಯರ್ ಹೇಳಿದ ಮೇಲೆಯೇ ಬಡಗಿಯನ್ನು ಕರೆಯಿರಿ.