ಡ್ರಾಯರ್ ಚಾನೆಲ್ ಕೊಳ್ಳುವ ಮೊದಲು ಟೇಪ್ ಹಿಡಿಯಿರಿ

ಅಡುಗೆಮನೆಯ ಡ್ರಾಯರ್ ಬಿಗಿಯಾದರೆ ಎಲ್ಲರೂ ಮೊದಲು ಬೈಯುವುದು ಚಾನೆಲ್ಲನ್ನು, ಅಂದರೆ ಡ್ರಾಯರ್ ಜಾರುವ ಎರಡು ಬದಿಯ ಲೋಹದ ಹಳಿಯನ್ನು. ಮಂಗಳೂರಿನಲ್ಲಿ ಮರಗೆಲಸ ಮಾಡುವ ನನಗೆ ಇಂಥ ಫೋನ್ ಬರುತ್ತಲೇ ಇರುತ್ತವೆ. ಹೋಗಿ ನೋಡಿದರೆ ಹೆಚ್ಚಿನ ಸಲ ಚಾನೆಲ್ ಸರಿಯಾಗಿಯೇ ಇರುತ್ತದೆ. ಡ್ರಾಯರ್ ಪೆಟ್ಟಿಗೆ ಎರಡು ಮಿ.ಮೀ. ಅಗಲವಾಗಿರುತ್ತದೆ, ಅಷ್ಟೇ.

ಅಂಗಡಿಯಲ್ಲಿ ಟೆಲಿಸ್ಕೋಪಿಕ್ ಚಾನೆಲ್ ಅಂತ ಕೇಳಿ. ಮೂರು ಪಟ್ಟಿ, ನಡುವೆ ಸಾಲಾಗಿ ಬಾಲ್‌ಗಳು. ಕ್ಯಾಬಿನೆಟ್ಟಿನ ಒಳ ಆಳ 560 ಮಿ.ಮೀ. ಇದ್ದರೆ 20 ಇಂಚಿನದು, ಅಂದರೆ 500 ಮಿ.ಮೀ., ಸಾಕು. ಡಬ್ಬದ ಮೇಲಿನ 35 ಕೆ.ಜಿ., 45 ಕೆ.ಜಿ. ಎಂಬುದು ಜೋಡಿಗೆ ಹೇಳಿದ ತೂಕ, ಅದೂ ಸಾಮಾನು ಸಮನಾಗಿ ಹರಡಿದ್ದರೆ. ಕುಕ್ಕರ್, ದೋಸೆ ಕಾವಲಿ ಇಡುವ ಡ್ರಾಯರಿಗೆ 45ರದ್ದೇ ಹಾಕಿ. ಕೊಳ್ಳುವಾಗ ಪೂರ್ತಿ ಎಳೆದು ತುದಿ ಹಿಡಿದು ಅಲುಗಾಡಿಸಿ. ಲೊಡಲೊಡ ಅಂದರೆ ವಾಪಸ್ ಇಡಿ. ಪಣಂಬೂರು, ಉಳ್ಳಾಲದ ಕಡೆ ಕಡಲ ಹತ್ತಿರ ಮನೆ ಇರುವವರು ಸಿಂಕಿನ ಪಕ್ಕದ ಡ್ರಾಯರಿಗಾದರೂ ಸ್ಟೇನ್‌ಲೆಸ್ ಸ್ಟೀಲಿನದು ತೆಗೆದುಕೊಳ್ಳಿ. ಉಪ್ಪುಗಾಳಿಗೆ ಝಿಂಕ್ ಲೇಪ ಜಾಸ್ತಿ ದಿನ ತಡೆಯುವುದಿಲ್ಲ.

ಈಗ ಅಳತೆ. ಮಾಮೂಲಿ ಚಾನೆಲ್ ಒಂದು ಬದಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ದಪ್ಪ. ಎರಡೂ ಬದಿ ಸೇರಿ 25.4. ನಾನು ಕ್ಯಾಬಿನೆಟ್ಟಿನ ಒಳ ಅಗಲದಿಂದ 26 ಕಳೆಯುತ್ತೇನೆ. 600 ಮಿ.ಮೀ. ಕ್ಯಾಬಿನೆಟ್, 18 ಮಿ.ಮೀ. ಪ್ಲೈ ಅಂದುಕೊಳ್ಳಿ. ಒಳಗೆ 564 ಉಳಿಯಿತು. ಎರಡೂ ಕಡೆ 1 ಮಿ.ಮೀ. ಮೈಕಾ (ಲ್ಯಾಮಿನೇಟ್ ಹಾಳೆ) ಅಂಟಿಸಿದರೆ 562. ಅದರಲ್ಲಿ 26 ಹೋದರೆ 536. ಪೆಟ್ಟಿಗೆಯ ಹೊರ ಅಗಲ ಇದೇ, ಪೆಟ್ಟಿಗೆಗೆ ಅಂಟಿಸುವ ಮೈಕಾವೂ ಇದರೊಳಗೇ ಬರಬೇಕು. ಎಡವಟ್ಟಾಗುವುದು ಇಲ್ಲೇ: ಪ್ಲೈ ಕತ್ತರಿಸುವಾಗ ಮೈಕಾ ಲೆಕ್ಕಕ್ಕೇ ಬಂದಿರುವುದಿಲ್ಲ. ಇನ್ನೊಂದು, ಮುಂದೆ ಅಳೆದ ಹಾಗೆ ಹಿಂದೆಯೂ ಅಳೆಯಿರಿ. ಕಡಿಮೆ ಬಂದದ್ದನ್ನು ಹಿಡಿಯಿರಿ.

ಎಡಬಲ ಒಂದೇ ಎತ್ತರಕ್ಕೆ ಕೂರಿಸಲು ಪೆನ್ಸಿಲ್ ಗೀಟಿಗಿಂತ ಪ್ಲೈ ತುಂಡು ವಾಸಿ. ಒಂದೇ ತುಂಡನ್ನು ಎರಡೂ ಕಡೆ ಕೆಳಗಿಟ್ಟು ಅದರ ಮೇಲೆ ಚಾನೆಲ್ ಇಡಿ. ಡ್ರಾಯರ್ ಮುಖ ಕ್ಯಾಬಿನೆಟ್ಟಿನ ಹೊರಗೆ ಬರುವುದಾದರೆ ಅಂಚಿನಿಂದ 2–3 ಮಿ.ಮೀ. ಒಳಗೆ ಸಾಕು. ಮುಖ ಒಳಗೆ ಕೂರುವುದಾದರೆ ಅದರ ದಪ್ಪವನ್ನೂ ಸೇರಿಸಿ. ಮೊದಲು ಉದ್ದ ತೂತುಗಳಲ್ಲಿ ಮಾತ್ರ ಸ್ಕ್ರೂ ಹಾಕಿ, ಡ್ರಾಯರ್ ಓಡಿಸಿ ನೋಡಿ, ಸರಿಹೊಂದಿಸಿ. ಆಮೇಲೆ ದುಂಡು ತೂತಿಗೆ ಹಾಕಿದರೆ ಅದು ಖಾಯಂ. ಸ್ಕ್ರೂ ತಲೆ ಪೂರ್ತಿ ಒಳಗಿಳಿಯಬೇಕು, ಇಲ್ಲದಿದ್ದರೆ ಒಳಪಟ್ಟಿ ತಾಗಿ ಕರಕರ ಅನ್ನುತ್ತದೆ.

ಡ್ರಾಯರ್ ಬಿಚ್ಚಲು ಪೂರ್ತಿ ಎಳೆದು, ಒಳಪಟ್ಟಿಯ ಕಪ್ಪು ಪ್ಲಾಸ್ಟಿಕ್ ನಾಲಿಗೆಯನ್ನು ಒಂದು ಕಡೆ ಮೇಲಕ್ಕೆ, ಇನ್ನೊಂದು ಕಡೆ ಕೆಳಕ್ಕೆ ಒತ್ತಿ. ವಾಪಸ್ ಹಾಕುವ ಮೊದಲು ಬಾಲ್ ಇರುವ ಸಣ್ಣ ಪಟ್ಟಿಯನ್ನು ಬೆರಳಿನಿಂದ ಮುಂದಕ್ಕೆ ಎಳೆದುಕೊಳ್ಳಿ. ಅದು ಹಿಂದೆ ಉಳಿದಿರುವಾಗ ಓರೆಯಾಗಿ ನೂಕಿದರೆ ಪಟ್ಟಿ ಮುರಿದು ಬಾಲ್‌ಗಳು ನೆಲಕ್ಕೆ ಉದುರುತ್ತವೆ. ಅವನ್ನು ಹೆಕ್ಕುತ್ತಾ ಕೂರಬೇಡಿ, ಹೊಸ ಜೋಡಿ ತನ್ನಿ.

ನಮ್ಮ ಕಡೆ ಏನು ಕಿರುಗುಟ್ಟಿದರೂ ತೆಂಗಿನೆಣ್ಣೆ ಬಿಡುವ ಅಭ್ಯಾಸ ಅಲ್ವಾ? ಚಾನೆಲ್ಲಿಗೆ ಬೇಡ. ಎಣ್ಣೆಗೆ ಅಕ್ಕಿಹಿಟ್ಟು, ಮಸಾಲೆಪುಡಿ ಅಂಟಿ ಗಟ್ಟಿಯಾಗುತ್ತದೆ. ಹಳೆಯ ಟೂತ್‌ಬ್ರಶ್ಶಿನಿಂದ ಕೊಳೆ ತೆಗೆಯಿರಿ, ಒಣಬಟ್ಟೆಯಲ್ಲಿ ಒರೆಸಿ, ಬಾಲ್ ಓಡುವ ಜಾಗಕ್ಕೆ ಬಿಳಿ ಲಿಥಿಯಂ ಗ್ರೀಸ್ ತೆಳುವಾಗಿ ಸವರಿ. ಜೂನ್ ಕಳೆದ ಮೇಲೆ ಡ್ರಾಯರ್ ಬಿಗಿಯಾದರೆ ಅವಸರಪಟ್ಟು ಸ್ಕ್ರೂ ಸಡಿಲಿಸಬೇಡಿ. ಅಂಚು ಮುಚ್ಚದ ಪ್ಲೈ ಮಳೆಗಾಲದ ತೇವಕ್ಕೆ ಉಬ್ಬಿರಬಹುದು. ಒಣಗಿದ ಮೇಲೆ ಮತ್ತೆ ಅಳೆದು ನೋಡಿ, ಅಂಚಿಗೆ ಪಟ್ಟಿ ಅಂಟಿಸಿ.