ಕೆಳಸೆಟ್ಟು ಮತ್ತು ಖಡಕ್ ರೊಟ್ಟಿ: ನನ್ನ ಅನುಭವ

ಪೂರ್ತಿ ಹಲ್ಲಿನ ಸೆಟ್ ಹಾಕಿಸಿಕೊಂಡು ನನ್ನ ಹಲ್ಲಿನ ಕ್ಲಿನಿಕ್ಕಿಗೆ ಬರುವವರನ್ನು ನಾನು ಮೊದಲು ಕೇಳುವುದು ಒಂದೇ: ಉಣ್ಣುವಾಗ ಸೆಟ್ ಎಲ್ಲಿರುತ್ತದೆ? ಗದಗ ಸುತ್ತಲಿನ ಹಳ್ಳಿಗಳ ಹಿರಿಯರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಹೇಳುತ್ತಿದ್ದುದು, "ಕಿಸೇದಾಗ ಇರ್ತೈತ್ರಿ." ಮದುವೆಗೆ, ಫೋಟೋಕ್ಕೆ, ಸಂತೆಗೆ ಸೆಟ್ ಬೇಕು. ತಾಟಿನ ಮುಂದೆ ಕೂತರೆ ತೆಗೆದಿಟ್ಟು ಬರೀ ವಸಡಿನಲ್ಲೇ ಊಟ. ಈಗ ನಾನು ಮಾಡಿಕೊಟ್ಟ ಹತ್ತು ಸೆಟ್ಟಿನಲ್ಲಿ ಏಳೆಂಟು ಮಂದಿ ಬಿಸಿ ರೊಟ್ಟಿಯನ್ನು ಆರಾಮಾಗಿ ತಿನ್ನುತ್ತಾರೆ. ಐದಾರು ಮಂದಿ ಖಡಕ್ ರೊಟ್ಟಿಗೂ ಕೈ ಹಾಕುತ್ತಾರೆ. "ಆಗೋ ಮಾತಲ್ಲ ಬಿಡ್ರಿ, ಇಂಪ್ಲಾಂಟ್ ಹೇಳಿ ಕಳಿಸ್ರಿ" (ಇಂಪ್ಲಾಂಟ್ ಅಂದರೆ ದವಡೆ ಎಲುಬಿನಲ್ಲಿ ಕೂರಿಸುವ ಲೋಹದ ತಿರುಪು) ಎಂದಿದ್ದ ಹುಬ್ಬಳ್ಳಿಯ ದಂತವೈದ್ಯ ಸ್ನೇಹಿತರೇ ಈಗ ಫೋನ್ ಮಾಡಿ ಕೇಳುತ್ತಿದ್ದಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೇಲಿನ ಸೆಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಬಾಯಿಯ ಅಂಗಳ ಹಿಡಿದುಕೊಳ್ಳುತ್ತದೆ. ರಗಳೆ ಎಲ್ಲ ಕೆಳಗಿನದ್ದು. ಹಲ್ಲು ಹೋದ ಮೇಲೆ ಕೆಳಗಿನ ರಿಡ್ಜ್ (ಹಲ್ಲಿದ್ದ ಜಾಗದ ಎಲುಬಿನ ದಿಬ್ಬ) ಮೇಲಿನದ್ದರ ಸುಮಾರು ನಾಲ್ಕು ಪಟ್ಟು ಸವೆಯುತ್ತದೆ ಎಂದು ಟಾಲ್‌ಗ್ರೆನ್ ಎಂಬ ಸಂಶೋಧಕರು 1972ರಲ್ಲೇ ತೋರಿಸಿದ್ದು ದಂತವೈದ್ಯರಿಗೆಲ್ಲ ಗೊತ್ತು. ಅದರ ಮೇಲೆ ನಮ್ಮ ಊಟವೂ ಬೇರೆ. ರೊಟ್ಟಿಯನ್ನು ಯಾರೂ ಮುಂದಿನ ಹಲ್ಲಿನಿಂದ ಕಚ್ಚುವುದಿಲ್ಲ, ಕೈಯಲ್ಲಿ ಮುರಿದು ಸೀದಾ ದವಡೆಗೆ ಹಾಕುತ್ತಾರೆ. ಜೊತೆಗೆ ಶೇಂಗಾ ಹಿಂಡಿ, ಮಡಕಿ ಕಾಳು, ಹಸಿ ಸವತೆಕಾಯಿ. ಅಂದವಾಗಿ ಕಾಣುವ ಟ್ರಯಲ್ (ಮೇಣದಲ್ಲಿ ಜೋಡಿಸಿದ ಮಾದರಿ ಸೆಟ್) ನೋಡಿ ಖುಷಿಪಟ್ಟವರೇ ಹದಿನೈದು ದಿನಕ್ಕೆ ವಾಪಸ್ ಬಂದು ಬೈಯುವುದು ಈ ಊಟದ ಕಾರಣಕ್ಕೆ.

ಮೊದಲು ಲ್ಯಾಬಿನವರು ಕೊಡುವ ಮಾಮೂಲಿ 33 ಡಿಗ್ರಿಯ, ಅಂದರೆ ಚೂಪು ತುದಿಯ ಹಲ್ಲನ್ನೇ ಮೇಲೆ ಕೆಳಗೆ ಹಾಕಿಸುತ್ತಿದ್ದೆ. ರಿಡ್ಜ್ ಚೆನ್ನಾಗಿದ್ದವರಿಗೆ ನಡೆಯಿತು. ಚಪ್ಪಟೆ ರಿಡ್ಜಿನವರು ರೊಟ್ಟಿ ಅರೆಯಲು ದವಡೆ ಪಕ್ಕಕ್ಕೆ ಸರಿಸಿದ ಕೂಡಲೇ ಕೆಳಸೆಟ್ ಜಾರಿ ಹುಣ್ಣಾಗುತ್ತಿತ್ತು. ಆಮೇಲೆ ಪೂರ್ತಿ ಚಪ್ಪಟೆ ಹಲ್ಲು ಹಾಕಿಸಿದೆ. ಜಾರುವುದು ನಿಂತಿತು, ಆದರೆ ಸೊಪ್ಪಿನ ನಾರು ತುಂಡಾಗುತ್ತಿರಲಿಲ್ಲ. ಲಕ್ಷ್ಮೇಶ್ವರ ಕಡೆಯ ಅಜ್ಜಿಯೊಬ್ಬರು, "ಡಾಕ್ಟರ್ರ, ಜಜ್ಜಿ ಜಜ್ಜಿ ಹಂಗ ನುಂಗಾಕತ್ತೀನ್ರಿ" ಎಂದರು. ಅಂಟುವ ಪೇಸ್ಟ್ ಬರೆದುಕೊಟ್ಟೂ ನೋಡಿದೆ. ಒಂದು ಟ್ಯೂಬಿಗೆ ಮುನ್ನೂರರ ಆಸುಪಾಸು, ತಿಂಗಳೊಳಗೆ ಖಾಲಿ. ಪೆನ್ಷನ್ ದುಡ್ಡಿನಲ್ಲಿ ಇರುವವರು ಎಷ್ಟು ದಿನ ತಂದಾರು? ಎರಡನೇ ಸೆಟ್ ಮಾಡಿಕೊಟ್ಟರೆ ಲ್ಯಾಬಿನ ಎರಡೂವರೆ, ಮೂರು ಸಾವಿರ ನಮ್ಮ ಕೈಯಿಂದಲೇ ಹೋಗುತ್ತದೆ. ಒಂದು ವರ್ಷವಂತೂ ಸೆಟ್ಟಿನ ಕೆಲಸದಲ್ಲಿ ನನಗೆ ಉಳಿದದ್ದು ಏನೂ ಇಲ್ಲ.

ಕೊನೆಗೆ ಕೈ ಹಿಡಿದದ್ದು ಲಿಂಗ್ವಲೈಸ್ಡ್ ಜೋಡಣೆ, ಅಂದರೆ ನಾಲಿಗೆ ಕಡೆಯ ತುದಿಯಿಂದಷ್ಟೇ ಅಗಿಯುವಂತೆ ಹಲ್ಲು ಜೋಡಿಸುವುದು. ಹೊಸದೇನಲ್ಲ, ಪೇನ್ ಎಂಬ ದಂತವೈದ್ಯರು 1941ರಲ್ಲೇ ಬರೆದದ್ದು. ಮೇಲೆ ಚೂಪು ಹಲ್ಲು, ಕೆಳಗೆ ತಗ್ಗು ಹಲ್ಲು. ಮೇಲಿನ ಹಲ್ಲಿನ ಒಳತುದಿ ಮಾತ್ರ ಕೆಳಗಿನದ್ದರ ನಡುವೆ ಬೀಳಬೇಕು, ಒಳ್ಳಿನಲ್ಲಿ ಒನಕೆ ಬಿದ್ದಂತೆ. ಹೊರತುದಿ ಎಲ್ಲೂ ತಾಗಬಾರದು. ಎರಡು ನಮೂನೆಯ ಹಲ್ಲು ಬೇಕಾದ್ದರಿಂದ ಹಲ್ಲು ಅಂಟಿಸಿ ಮಾರುವ ಕಾರ್ಡ್ ಎರಡು ಒಡೆಯಬೇಕು, ಒಂದಿಷ್ಟು ಹಲ್ಲು ಸುಮ್ನೆ ಉಳಿಯುತ್ತವೆ. ಲ್ಯಾಬಿನವರು ಗೊಣಗಿದರು. ಸೆಟ್ಟಿಗೆ ಏಳೆಂಟು ನೂರು ಜಾಸ್ತಿ ಕೊಡಲು ಒಪ್ಪಿದ ಮೇಲೆ ಸುಮ್ಮನಾದರು.

ಆದರೆ ಬರೀ ಹಲ್ಲಿನಿಂದ ಕೆಲಸ ಆಗಲಿಲ್ಲ. ಬೇರೆ ಕಡೆ ಮಾಡಿಸಿ ನನ್ನಲ್ಲಿಗೆ ಬರುವ ಕೆಳಸೆಟ್‌ಗಳನ್ನು ನೋಡಿದರೆ ಹತ್ತರಲ್ಲಿ ಆರು ಹಿಂದೆ ಗಿಡ್ಡ. ರೆಟ್ರೊಮೋಲರ್ ಪ್ಯಾಡ್ (ಕೊನೆಯ ದವಡೆಹಲ್ಲಿನ ಹಿಂದಿನ ಮೆತ್ತನೆ ದಿಬ್ಬ) ಮುಟ್ಟಿರುವುದಿಲ್ಲ, ಬಕ್ಕಲ್ ಶೆಲ್ಫ್ (ಕೆನ್ನೆ ಕಡೆಯ ಗಟ್ಟಿ ಎಲುಬಿನ ಜಾಗ) ಮೇಲೆ ಹರಡಿರುವುದಿಲ್ಲ. ಭಾರ ಹೊರುವ ಜಾಗವನ್ನೇ ಬಿಟ್ಟರೆ ಸೆಟ್ ಎಲ್ಲಿ ಕೂರಬೇಕು? ಗ್ರೀನ್ ಸ್ಟಿಕ್ (ಬಿಸಿ ಮಾಡಿ ಅಂಚಿನ ಅಚ್ಚು ತೆಗೆಯುವ ಹಸಿರು ಕಡ್ಡಿ) ಹಿಡಿದು ಈ ಎರಡು ಜಾಗಕ್ಕೆ ಎಷ್ಟು ಹೊತ್ತು ಕೊಟ್ಟರೂ ಕಡಿಮೆಯೇ. ನಾಲಿಗೆ ಕಡೆಯ ಅಂಚನ್ನು ಎಲ್ಲಿಗೆ ನಿಲ್ಲಿಸಬೇಕು ಎನ್ನುವುದಕ್ಕೆ ನನ್ನದೇ ಒಂದು ಗುರುತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಕ್ಲಿನಿಕ್ಕಿಗೆ ಬಂದರೆ ತೋರಿಸುತ್ತೇನೆ.

ಇನ್ನೊಂದು, ರಿಮೌಂಟ್: ತಯಾರಾದ ಸೆಟ್ಟನ್ನು ಮತ್ತೆ ಯಂತ್ರಕ್ಕೆ ಏರಿಸಿ ಹಲ್ಲು ಕೂಡುವುದನ್ನು ಸರಿ ಮಾಡುವುದು. ಇದನ್ನು ಹೇಳಿದಾಗಲೇ ಎಲ್ಲರೂ ನಕ್ಕಿದ್ದು: "ಕಾಲೇಜಿನಾಗ ಬಿಟ್ಟು ಬಂದಿದ್ದನ್ನ ಗದಗಿನಾಗ ಯಾಕ ಮಾಡ್ತೀರಿ?" ಸೆಟ್ ಬಾಯಲ್ಲಿಟ್ಟು, ಹಲ್ಲು ತಾಗುವ ಜಾಗ ತೋರಿಸುವ ನೀಲಿ ಪೇಪರ್ ಕಚ್ಚಿಸಿದರೆ ವಸಡು ಅದುಮಿಕೊಳ್ಳುತ್ತದೆ, ಸೆಟ್ ಕದಲುತ್ತದೆ, ಗುರುತು ಸುಳ್ಳು ಬೀಳುತ್ತದೆ. ಹೊಸದಾಗಿ ಬೈಟ್ (ಕಚ್ಚಿದಾಗಿನ ಅಚ್ಚು) ತೆಗೆದು, ದವಡೆಯಂತೆ ಆಡುವ ಆರ್ಟಿಕ್ಯುಲೇಟರ್ ಯಂತ್ರಕ್ಕೆ ಏರಿಸಿ, ಅಲ್ಲೇ ಉಜ್ಜಿದರೆ ಮುಕ್ಕಾಲು ಗಂಟೆ ಜಾಸ್ತಿ ಹಿಡಿಯುತ್ತದೆ, ಅಷ್ಟೇ. ಮೊದಲು ಒಬ್ಬೊಬ್ಬರು ಹುಣ್ಣು ತೋರಿಸಲು ನಾಲ್ಕೈದು ಸಲ ಬರುತ್ತಿದ್ದರು. ಈಗ ಒಂದೆರಡು ಸಲಕ್ಕೆ ಮುಗಿಯುತ್ತದೆ. ಬಸ್ಸಿಗೆ ದುಡ್ಡು ಕೊಟ್ಟು ಮಗನ ಕೂಲಿ ಕೆಡಿಸಿ ಬರುವವರಿಗೆ ಇದು ಸಣ್ಣ ಉಳಿತಾಯವಲ್ಲ.

ಊಟವನ್ನೂ ಹಂತ ಹಂತವಾಗಿ ಹೇಳಿಕೊಡುತ್ತೇನೆ. ಮೊದಲ ವಾರ ನುಚ್ಚು ಮಜ್ಜಿಗೆ, ಮೆತ್ತನೆ ಅನ್ನ. ಆಮೇಲೆ ಸಾರಿನಲ್ಲಿ ನೆನೆಸಿದ ರೊಟ್ಟಿ, ನಂತರ ಪಲ್ಲೆ ಜೊತೆ ಬಿಸಿ ರೊಟ್ಟಿ. ತುತ್ತು ಸಣ್ಣದಿರಬೇಕು, ಅರ್ಧ ಎಡಕ್ಕೆ ಅರ್ಧ ಬಲಕ್ಕೆ ಹಾಕಿ ಎರಡೂ ಕಡೆ ಒಟ್ಟಿಗೆ ಅಗಿಯಬೇಕು. ಆರರಿಂದ ಎಂಟು ವಾರ ಕಳೆಯುವವರೆಗೆ ಊಟದಲ್ಲಿ ಖಡಕ್ ರೊಟ್ಟಿ, ಶೇಂಗಾ ಬೇಡ. ಇದನ್ನು ಸೊಸೆಗೆ ಹೇಳಿದರೆ ನಡೆಯುತ್ತದೆ, ಅಜ್ಜನಿಗೆ ಹೇಳಿದರೆ ಮನೆ ಮುಟ್ಟುವಷ್ಟರಲ್ಲಿ ಮಿರ್ಚಿ ಭಜಿ ತಿಂದಿರುತ್ತಾರೆ.

ಎಷ್ಟು ಅಗಿಯುತ್ತಾರೆ ಎನ್ನುವುದಕ್ಕೆ ಅಳತೆ ಬೇಕು ಅನ್ನಿಸಿ ಶೇಂಗಾ ಜರಡಿ ಶುರು ಮಾಡಿದೆ. ಮ್ಯಾನ್ಲಿ, ಬ್ರೇಲಿ ಎಂಬ ಸಂಶೋಧಕರು 1950ರಲ್ಲಿ ಈ ಅಳತೆ ಮಾಡಿದ್ದೇ ಶೇಂಗಾದಲ್ಲಿ, ನಮ್ಮಲ್ಲಿ ಅದಕ್ಕೇನು ಬರ? ಹುರಿದ ಕಾಳು ಮೂರು ಗ್ರಾಂನಷ್ಟು, ಇಪ್ಪತ್ತು ಸಲ ಅಗಿದು ಲೋಟಕ್ಕೆ ಉಗುಳಿಸಿ, ಬಾಯಿ ಮುಕ್ಕಳಿಸಿದ ನೀರನ್ನೂ ಸೇರಿಸಿ ಜರಡಿಗೆ ಸುರಿಯುವುದು. ಮೇಲೆ ಉಳಿದದ್ದನ್ನು ಒಣಗಿಸಿ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗುವುದು. ಮೊದಲ ತಿಂಗಳು ಮುಕ್ಕಾಲು ಪಾಲು ಜರಡಿ ಮೇಲೇ ಇರುತ್ತದೆ, ಮೂರು ತಿಂಗಳಿಗೆ ಅರ್ಧಕ್ಕೆ ಬರುತ್ತದೆ. ಎರಡು ಬಣ್ಣದ ಚೂಯಿಂಗ್ ಗಮ್ಮನ್ನೂ ಪ್ರಯತ್ನಿಸಿದೆ. ಅದು ಸೆಟ್ಟಿನ ಅಕ್ರಿಲಿಕ್ ಪ್ಲಾಸ್ಟಿಕ್ಕಿಗೆ ಮೆತ್ತಿಕೊಂಡು ಸೆಟ್ಟನ್ನೇ ಎತ್ತಿತು, ಬಿಟ್ಟೆ. ಖಡಕ್ ರೊಟ್ಟಿಯ ಚೂರನ್ನೇ ಜರಡಿ ಹಿಡಿಯಲು ಹೋದರೆ ಅದು ಎಂಜಲಲ್ಲಿ ನೆನೆದು ಹಿಟ್ಟಾಗುತ್ತದೆ.

ಈ ತೂಕಕ್ಕೂ ಸಮಾಧಾನಕ್ಕೂ ಸರಿಯಾಗಿ ತಾಳೆ ಬೀಳುವುದಿಲ್ಲ, ಇದು ಗಮನಿಸಬೇಕಾದ್ದು. ನಿವೃತ್ತ ಮೇಷ್ಟ್ರೊಬ್ಬರು ಶೇಂಗಾವನ್ನು ಎಲ್ಲರಿಗಿಂತ ಚೆನ್ನಾಗಿ ನುರಿಸುತ್ತಾರೆ. ಆದರೂ ಮಾತಾಡುವಾಗ ಸೆಟ್ ಟಕ್ ಅನ್ನುತ್ತದೆಂದು ಅವರಿಗೆ ಬೇಸರ. ಅರ್ಧಂಬರ್ಧ ನುರಿಸುವ ರೋಣದ ರೈತರೊಬ್ಬರು ಪಂಕ್ತಿಯಲ್ಲಿ ಸೆಟ್ ತೆಗೆಯದೆ ಉಂಡು ಎದ್ದೆ ಎಂದು ಮನೆಯ ಶೇಂಗಾ ಚೀಲವನ್ನೇ ತಂದುಕೊಟ್ಟರು. ಹಾಗಾಗಿ ತೂಗುವುದರ ಜೊತೆಗೆ ಕಿಸೆಯ ಪ್ರಶ್ನೆಯನ್ನೂ ಬಿಟ್ಟಿಲ್ಲ.

ರಿಡ್ಜ್ ಪೂರ್ತಿ ಕರಗಿದವರಿಗೆ ಈ ದಾರಿ ಸಾಲದು. ಕೆಳಗೆ ಎರಡು ಇಂಪ್ಲಾಂಟ್ ಹಾಕಿ ಅದರ ಮೇಲೆ ಸೆಟ್ ಕೂರಿಸುವುದನ್ನೇ ಮೊದಲ ಆಯ್ಕೆಯಾಗಿ ಹೇಳಬೇಕೆಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು 2002ರಲ್ಲೇ ಹೇಳಿದ್ದಾರೆ. ದುಡ್ಡಿನ ಶಕ್ತಿ ಇದ್ದವರಿಗೆ ನಾನೂ ಅದನ್ನೇ ಮೊದಲು ಹೇಳುತ್ತೇನೆ. ಉಳಿದವರಿಗೆ ಈ ಸೆಟ್. ದರವನ್ನು ಎರಡು ಸಾವಿರದಷ್ಟು ಏರಿಸಿದ್ದೇನೆ, ಯಾರೂ ಚೌಕಾಸಿ ಮಾಡಿಲ್ಲ.